ಬಿಸಿನೀರಿನ ಟ್ಯಾಂಕಿಗೆ 45 ಡಿಗ್ರಿ ಸಾಕೇ?

ಮೂರನೇ ಮಹಡಿ:
ನಮ್ಮ ಅಪಾರ್ಟ್‌ಮೆಂಟಿನ ಎಲ್ಲ ಮನೆಗಳಿಗೂ ಬಿಸಿನೀರು ಒಂದೇ ದೊಡ್ಡ ಟ್ಯಾಂಕಿನಿಂದ ಬರುತ್ತದೆ. ಕರೆಂಟ್ ಬಿಲ್ ಏರಿತೆಂದು ಅದರ ಉಷ್ಣತೆಯನ್ನು 60 ಡಿಗ್ರಿಯಿಂದ 45ಕ್ಕೆ ಇಳಿಸುವ ಪ್ರಸ್ತಾಪ ಭಾನುವಾರದ ಸಭೆಗೆ ಬರಲಿದೆ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಹೆಸರು ಹೇಳಿ ಒಬ್ಬರು ಆಕ್ಷೇಪಿಸಿದ್ದಾರೆ. ಸ್ನಾನಕ್ಕೆ 40 ಡಿಗ್ರಿ ಸಾಕಾಗುವಾಗ ಈ ಆಕ್ಷೇಪದಲ್ಲಿ ಹುರುಳಿದೆಯೇ?

ಕಟ್ಟಡ ನಿರ್ವಹಣೆ:
ಮೈಮೇಲೆ ಹೊಯ್ದುಕೊಳ್ಳುವ ನೀರಿನ ಉಷ್ಣತೆ ಬೇರೆ, ಟ್ಯಾಂಕಿನಲ್ಲಿ ನಿಲ್ಲಿಸುವ ನೀರಿನ ಉಷ್ಣತೆ ಬೇರೆ. ಈ ಬ್ಯಾಕ್ಟೀರಿಯಾ ಸುಮಾರು 20ರಿಂದ 45 ಡಿಗ್ರಿಯವರೆಗೆ ಹುಲುಸಾಗಿ ಬೆಳೆಯುತ್ತದೆ, 60ರಲ್ಲಿ ಉಳಿಯುವುದಿಲ್ಲ. ಟ್ಯಾಂಕಿನ ಮೇಲ್ಭಾಗದಲ್ಲಿ 45 ಇದ್ದರೆ ಗಸಿ ಕೂತ ತಳದಲ್ಲಿ ಅದಕ್ಕಿಂತ ಕಡಿಮೆಯಿರುತ್ತದೆ, ಕೊನೆಯ ಮನೆಯ ನಲ್ಲಿಗೆ ಬರುವಷ್ಟರಲ್ಲಿ ಇನ್ನಷ್ಟು ಇಳಿದಿರುತ್ತದೆ. ಕಳೆದ ತಿಂಗಳು ಹಳೆಯ ಶವರೊಂದನ್ನು ಬಿಚ್ಚಿದಾಗ ತೂತುಗಳ ಹಿಂಬದಿಯಿಂದ ಗಂಜಿಯಂಥ ಲೋಳೆ ಬೆರಳಿಗೆ ಅಂಟಿತು. ಪರೀಕ್ಷೆ ಮಾಡಿಸದ್ದರಿಂದ ಅದರಲ್ಲಿ ಲೀಜಿಯೊನೆಲ್ಲಾ ಇತ್ತೆಂದು ಹೇಳಲಾರೆ; ಆದರೆ ಅದು ಅಡಗುವುದು ಇಂಥ ಲೋಳೆಯಲ್ಲೇ, ಹೆಚ್ಚುವುದು ಅಲ್ಲಿನ ಅಮೀಬಾಗಳ ಒಡಲಲ್ಲೇ. ಹಾಗಾಗಿ ವರ್ಷಕ್ಕೊಮ್ಮೆ ಬ್ಲೀಚಿಂಗ್ ಪುಡಿ ಸುರಿದರೆ ಮುಗಿಯಿತೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಖಜಾಂಚಿ:
ಹತ್ತು ವರ್ಷಗಳಿಂದ ಇದೇ ನೀರನ್ನು ಬಳಸುತ್ತಿದ್ದೇವೆ, ಕುಡಿಯುತ್ತಲೂ ಇದ್ದೇವೆ. ಯಾರಿಗೂ ಏನೂ ಆಗಿಲ್ಲ. ಅಮೆರಿಕದ ಹೋಟೆಲೊಂದರ ಹಳೆಯ ಕಥೆಗೆ ನಾವು ಬಿಲ್ ಕಟ್ಟಬೇಕೇ?

ವೈದ್ಯೆ:
ಇದು ಸಾಮಾನ್ಯವಾಗಿ ಕುಡಿಯುವುದರಿಂದ ಬರುವ ರೋಗವಲ್ಲ. ಶವರ್, ಕಾರಂಜಿ, ಏಸಿಯ ಕೂಲಿಂಗ್ ಟವರ್‌ಗಳಿಂದ ಏಳುವ ಸೂಕ್ಷ್ಮ ಹನಿಗಳು ಉಸಿರಿನೊಡನೆ ಶ್ವಾಸಕೋಶ ಸೇರಿದಾಗ ಬರುತ್ತದೆ. ತಾವು ಹೇಳಿದ ಹೋಟೆಲು ಫಿಲಡೆಲ್ಫಿಯಾದ ಬೆಲ್‌ವ್ಯೂ-ಸ್ಟ್ರ್ಯಾಟ್‌ಫರ್ಡ್. 1976ರ ಜುಲೈನಲ್ಲಿ ಅಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಯೋಧರ ಸಂಘದ ಸಮ್ಮೇಳನ ನಡೆದ ಬೆನ್ನಿಗೇ 200ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದು, 34 ಮಂದಿ ತೀರಿಕೊಂಡರು. ಅವರಲ್ಲಿ ಸಮ್ಮೇಳನಕ್ಕೆ ಬಾರದೆ ಹೋಟೆಲಿನ ಮುಂದಿನ ರಸ್ತೆಯಲ್ಲಿ ಸುಳಿದಾಡಿದ್ದವರೂ ಇದ್ದರು. ಕಾರಣವಾದ ಬ್ಯಾಕ್ಟೀರಿಯಾ ಯಾವುದೆಂದು ಪ್ರಕಟವಾದದ್ದು 1977ರ ಜನವರಿಯಲ್ಲಿ. ಇನ್ನು ‘ಯಾರಿಗೂ ಆಗಿಲ್ಲ’ ಎಂಬ ಮಾತು. ಮೂತ್ರದ ಅಥವಾ ಕಫದ ವಿಶೇಷ ಪರೀಕ್ಷೆ ಬರೆಯದಿದ್ದರೆ ಇದು ಬರೀ ನ್ಯುಮೋನಿಯಾ ಎಂದೇ ದಾಖಲಾಗುತ್ತದೆ. ಪೆನಿಸಿಲಿನ್ ಗುಂಪಿನ ಔಷಧಿಗಳು ಇದಕ್ಕೆ ನಾಟುವುದೂ ಇಲ್ಲ. ವಯಸ್ಸಾದವರು ಮತ್ತು ಧೂಮಪಾನಿಗಳು ನಮ್ಮ ಕಟ್ಟಡದಲ್ಲಿ ಎಷ್ಟು ಮಂದಿ ಇದ್ದಾರೆಂದು ತಾವೇ ಎಣಿಸಿ.

ಖಜಾಂಚಿ:
ಒಪ್ಪಿದೆ. ಆದರೆ 60 ಡಿಗ್ರಿ ನೀರು ಮಗುವಿನ ಮೈಮೇಲೆ ಬಿದ್ದರೆ ಬೊಬ್ಬೆ ಏಳುವುದಕ್ಕೆ ಕೆಲವೇ ಸೆಕೆಂಡು ಸಾಕಲ್ಲವೇ?

ಕಟ್ಟಡ ನಿರ್ವಹಣೆ:
ಈ ಚರ್ಚೆಯಲ್ಲಿ ಬಂದ ಅತ್ಯಂತ ಗಟ್ಟಿಯಾದ ಆಕ್ಷೇಪ ಇದೇ. ಅದಕ್ಕೆಂದೇ ಬಿಸಿ ಮತ್ತು ತಣ್ಣೀರನ್ನು ಬೆರೆಸಿ ಹದಮಾಡುವ ಮಿಕ್ಸಿಂಗ್ ವಾಲ್ವ್ ಇದೆ. ಅದನ್ನು ಟ್ಯಾಂಕಿನ ಬಳಿಯಲ್ಲ, ನಲ್ಲಿಯ ಪಕ್ಕದಲ್ಲೇ ಕೂರಿಸಬೇಕು, ಏಕೆಂದರೆ ವಾಲ್ವಿನಿಂದ ಮುಂದಿನ ಪೈಪಿನಲ್ಲಿ ಮತ್ತೆ ಉಗುರುಬೆಚ್ಚಗಿನ ನೀರೇ ನಿಲ್ಲುತ್ತದೆ.

ಮೂರನೇ ಮಹಡಿ:
ನಾಲ್ಕನೇ ಮಹಡಿಯ ಎರಡು ಮನೆಗಳಿಗೆ ಬೀಗ ಬಿದ್ದು ವರ್ಷವಾಯಿತು. ಆ ಪೈಪುಗಳಲ್ಲಿ ನಿಂತ ನೀರಿನ ಗತಿ?

ಕಟ್ಟಡ ನಿರ್ವಹಣೆ:
ನನಗೆ ಟ್ಯಾಂಕಿಗಿಂತ ಅವುಗಳದ್ದೇ ಹೆಚ್ಚು ಚಿಂತೆ. ಮಾಲೀಕರಿಂದ ಕೀಲಿ ಪಡೆದು ವಾರಕ್ಕೊಮ್ಮೆ ನೀರು ಹರಿಯಬಿಡಬೇಕು. ಹರಿಸುವಾಗ ಶವರಿನ ತಲೆಯನ್ನು ಬಿಚ್ಚಿಟ್ಟು, ಹನಿ ಸಿಡಿಯದಂತೆ ನಿಧಾನವಾಗಿ ತಿರುಗಿಸಬೇಕು.

ಖಜಾಂಚಿ:
ಹಾಗಿದ್ದರೆ ಭಾನುವಾರದೊಳಗೆ ಟ್ಯಾಂಕಿನ ತಳದ ಮತ್ತು ಕೊನೆಯ ನಲ್ಲಿಯ ಉಷ್ಣತೆ ಅಳೆದು ಕೊಡಿ. 45ರ ಪ್ರಸ್ತಾಪವನ್ನು ಅಲ್ಲಿಯವರೆಗೆ ತಡೆಹಿಡಿಯುತ್ತೇನೆ, ಆದರೆ ವಾಲ್ವುಗಳ ಖರ್ಚಿನ ಅಂದಾಜೂ ಜೊತೆಗಿರಲಿ.