ಕೋಲಾರದ ಬೋರ್ ನೀರಲ್ಲಿ ಲೆಟ್ಯೂಸ್: ಇಸಿ ಏರ್ತಾನೇ ಇದೆ

ಪ್ರಶ್ನೆ (ತಾರಸಿ_ಕೋಲಾರ):
ಮಣ್ಣಿಲ್ಲದೆ ಗೊಬ್ಬರದ ನೀರಲ್ಲೇ (ಹೈಡ್ರೋಪೋನಿಕ್ಸ್) ಲೆಟ್ಯೂಸ್ ಬೆಳೀತಿದ್ದೀನಿ. ಮನೆಯೊಳಗೆ ಎಲ್‌ಇಡಿ ಬೆಳಕು, 40 ಲೀಟರ್ ಟ್ಯಾಂಕ್. ಬೋರ್ ನೀರಿನ ಇಸಿಯೇ (ವಿದ್ಯುತ್ ವಾಹಕತೆ, mS/cm; ಕರಗಿದ ಉಪ್ಪು ಎಷ್ಟಿದೆ ಅನ್ನೋ ಅಳತೆ) 1.1. ಗೊಬ್ಬರ ಹಾಕಿ 1.6ಕ್ಕೆ ತಂದರೆ ಹತ್ತು ದಿನಕ್ಕೆ 2.6. ನೀರು ಇಳಿದಾಗಲೆಲ್ಲ ಅದೇ 1.6ರ ದ್ರಾವಣ ತುಂಬೋದು. ಎಳೆ ಎಲೆಗಳ ಅಂಚು ಸುಡ್ತಿದೆ. ತಪ್ಪೆಲ್ಲಿ?

ನೀರ್‌ಬೇರು:
ತುಂಬೋದರಲ್ಲೇ. ಒಣ ಗಾಳಿಗೆ ಗಿಡ ಗೊಬ್ಬರಕ್ಕಿಂತ ನೀರನ್ನೇ ಜಾಸ್ತಿ ಎಳೆಯುತ್ತೆ, ಉಪ್ಪು ಟ್ಯಾಂಕಲ್ಲೇ ಉಳಿಯುತ್ತೆ. ಇಸಿ ಏರ್ತಿದ್ರೆ ಬರೀ ಆರ್‌ಒ (ಫಿಲ್ಟರಲ್ಲಿ ಉಪ್ಪು ತೆಗೆದ) ನೀರು, ಇಳೀತಿದ್ರೆ ಮಾತ್ರ ದ್ರಾವಣ. ಈಗ 15 ಲೀಟರ್ ತೆಗೆದು ಅಷ್ಟೇ ಆರ್‌ಒ ನೀರು ಹಾಕಿ. 25 × 2.6 ÷ 40, ಅಂದ್ರೆ ಸುಮಾರು 1.6.

ಹಸಿರು_ಚಿಂತಾಮಣಿ:
ಲೆಕ್ಕ ಸರಿ, ಆದ್ರೆ ರೋಗದ ಬೇರು 1.1. ಮೀಟರಿಗೆ ಸೋಡಿಯಂ, ಗೊಬ್ಬರ ಎರಡೂ ಒಂದೇ. 1.6ರಲ್ಲಿ ಗಿಡಕ್ಕೆ ಕೊಟ್ಟ ಗೊಬ್ಬರ ಬರೀ 0.5ರಷ್ಟು! ಬೋರ್ ನೀರಿಗೆ ಸಮಪಾಲು ಆರ್‌ಒ ಅಥವಾ ಮಳೆನೀರು ಬೆರೆಸಿ, 0.55ರಿಂದ ಶುರು ಮಾಡಿ. ಆರ್‌ಒ ಹೊರಹಾಕೋ ವೇಸ್ಟ್ ನೀರು ಮಾತ್ರ ಬೇಡ, ಅದು ಇನ್ನೂ ಉಪ್ಪು. ಬೋರ್ ನೀರಿನ ಬೈಕಾರ್ಬನೇಟ್ ಪಿಎಚ್ ಮೇಲೆತ್ತುತ್ತೆ. ಗೊಬ್ಬರ ಬೆರೆಸಿದ ಮೇಲೆ ಫಾಸ್ಫಾರಿಕ್ ಆಮ್ಲ ಹನಿಹನಿಯಾಗಿ ಹಾಕಿ 6ರ ಆಸುಪಾಸಿಗೆ ತನ್ನಿ. ಕ್ಯಾಲ್ಸಿಯಂ ನೈಟ್ರೇಟನ್ನು ಮೆಗ್ನೀಷಿಯಂ ಸಲ್ಫೇಟ್ ಜೊತೆ ಗಟ್ಟಿ ದ್ರಾವಣದಲ್ಲಿ ಸೇರಿಸಿದ್ರೆ ಜಿಪ್ಸಂ ಆಗಿ ತಳಕ್ಕೆ ಕೂರುತ್ತೆ. ಅದಕ್ಕೇ ಕ್ಯಾಲ್ಸಿಯಂ ಇರೋ ಎ, ಸಲ್ಫೇಟ್ ಇರೋ ಬಿ ಬೇರೆ ಕ್ಯಾನಲ್ಲಿರಲಿ. ಎ ಹಾಕಿ ಕಲಕಿ, ಆಮೇಲೆ ಬಿ. ಎರಡು ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ.

ಮೀಟರ್_ಮಾವ:
ಪಿಪಿಎಂ (ಇಸಿಯನ್ನು ಗುಣಿಸಿ ಮೀಟರ್ ತೋರಿಸೋ ಅಂಕಿ) ನೋಡಿ ಗೊಬ್ಬರ ಹಾಕ್ತಿಲ್ಲ ತಾನೆ? ಇದೇ 1.6 ಒಂದು ಮೀಟರಲ್ಲಿ 800, ಇನ್ನೊಂದರಲ್ಲಿ 1120. ಇಸಿಯನ್ನೇ ನಂಬಿ, ಮೀಟರನ್ನು 1.413 ಇಸಿಯ ಪ್ರಮಾಣಿತ ದ್ರಾವಣದಲ್ಲಿ ತಾಳೆ ನೋಡಿ. ಅಂಚು ಸುಡೋದು ಎಳೆ ಎಲೆಗೆ ಕ್ಯಾಲ್ಸಿಯಂ ತಲುಪದಿದ್ರೆ; ಇಸಿ ಇಳಿಸಿದ ಮೇಲೂ ನಿಲ್ಲದಿದ್ರೆ ಸಣ್ಣ ಫ್ಯಾನ್ ಹಾಕಿ, ಗಾಳಿ ಆಡಿದ್ರೆ ಎಳೆ ಎಲೆ ನೀರಿನ ಜೊತೆ ಕ್ಯಾಲ್ಸಿಯಂ ಎಳೆಯುತ್ತೆ.