ನವೆಂಬರ್ ಮಳೆ, ಎಲ್ಕ್ ಬೇಟೆ, ಒಂದು ಟಾರ್ಪಾಲು: ನೆನೆಯದೆ ಇರೋದು ಹೇಗೆ?

ಪ್ರಶ್ನೆ (ಬೆಲ್‌ವ್ಯೂ, ವಾಷಿಂಗ್ಟನ್ ರಾಜ್ಯ, ಅಮೆರಿಕ)

ನವೆಂಬರ್ ಮೊದಲ ವಾರ ಒಲಿಂಪಿಕ್ ಪರ್ಯಾಯ ದ್ವೀಪದ ಪಶ್ಚಿಮ ಮಗ್ಗುಲಲ್ಲಿ ಐದು ರಾತ್ರಿಯ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆ ಶಿಬಿರ. ಜಾಗ ನ್ಯಾಷನಲ್ ಫಾರೆಸ್ಟ್‌ನಲ್ಲಿ. ಪಕ್ಕದ ನ್ಯಾಷನಲ್ ಪಾರ್ಕ್‌ನಲ್ಲಿ ಬೇಟೆ ಇಲ್ಲ ಅನ್ನೋದು ಗೊತ್ತಿದೆ. ಲೈಸೆನ್ಸ್, ಟ್ಯಾಗ್ (ಎಲ್ಕ್ ಹೊಡೆಯಲು ಪರವಾನಗಿ ಚೀಟಿ) ಆಗಿದೆ. ನಾಲ್ಕು ಜನ, ಎರಡು ಸಣ್ಣ ಡೇರೆ, 12×16 ಅಡಿಯ ನೀಲಿ ಪ್ಲಾಸ್ಟಿಕ್ ಟಾರ್ಪಾಲು ಒಂದು, ಪ್ಯಾರಾಕಾರ್ಡ್ (ತೆಳು ಹಗ್ಗ), ಗ್ಯಾಸ್ ಒಲೆ. ಐದೂ ದಿನ ಮಳೆಯಂತೆ. ಮಲೆನಾಡಿನ ಮಳೆ ಗೊತ್ತು, ಚಳಿಮಳೆಯಲ್ಲಿ ಮಲಗಿ ಗೊತ್ತಿಲ್ಲ. ತಿಳಿದವರು ಹೇಳಿ.

ಟಕೋಮಾದಿಂದ

ಮಲೆನಾಡಿನ ಲೆಕ್ಕ ಇಲ್ಲಿ ಹಿಡಿಯಬೇಡಿ ಸಾರ್. ನೀವು ಹೇಳಿದ ಆ ಪಶ್ಚಿಮ ಮಗ್ಗುಲಿನ ‘ಹೋ’ ನದಿ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಬೀಳುತ್ತೆ, ಆಗುಂಬೆಯ ಅರ್ಧ. ಆದರೆ ಆಗುಂಬೆಯಲ್ಲಿ ನೆಂದರೆ ನೆಗಡಿ. ಇಲ್ಲಿ 5 ಡಿಗ್ರಿಯಲ್ಲಿ ನೆಂದರೆ ಮೈಯ ಶಾಖವೇ ಇಳಿಯುತ್ತೆ.

ಮೊದಲು ತಲೆ ಎತ್ತಿ ನೋಡಿ. ಒಣಕೊಂಬೆ, ಮುರಿದು ಮೇಲೆಯೇ ಸಿಕ್ಕಿಕೊಂಡ ಟೊಂಗೆ, ವಾಲಿದ ಆಲ್ಡರ್ ಮರ ಇದ್ದರೆ ಆ ಜಾಗ ಬೇಡವೇ ಬೇಡ. ಹೊಳೆದಂಡೆಯ ಸಮತಟ್ಟು ಕಣ್ಣಿಗೆ ಚೆಂದ. ಚಳಿಗಾಳಿ ಇಳಿದು ನಿಲ್ಲೋದು ಅಲ್ಲೇ, ರಾತ್ರಿ ನೀರು ಏರೋದೂ ಅಲ್ಲೇ. ಹೊಳೆಯಿಂದ ಮೇಲೆ, ಸ್ವಲ್ಪ ಉಬ್ಬಿದ ನೆಲ ಹುಡುಕಿ. ಸುತ್ತ ಕಾಲುವೆ ತೋಡಬೇಡಿ, ಕಾಡಿನ ನೆಲ ಕೆಡುತ್ತೆ. ಜಾಗ ಸರಿಯಿದ್ದರೆ ಅದು ಬೇಕಾಗೋದೂ ಇಲ್ಲ.

ಪ್ಯಾರಾಕಾರ್ಡ್ ನೈಲಾನು, ನೆಂದರೆ ಹಿಗ್ಗುತ್ತೆ. ಸಂಜೆ ಬಿಗಿದದ್ದು ನಡುರಾತ್ರಿ ಜೋಲುತ್ತೆ, ಜೋತ ಕಡೆ ನೀರು ನಿಲ್ಲುತ್ತೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ ಒಂದು ಲೀಟರ್, ಅಂದರೆ ಒಂದು ಕಿಲೋ. ನಿಮ್ಮ ಟಾರ್ಪಾಲು ಹತ್ತಿರ ಹತ್ತಿರ 18 ಚದರ ಮೀಟರ್. 10 ಮಿ.ಮೀ. ಮಳೆಯಲ್ಲಿ ಕಾಲುಭಾಗ ನಿಂತರೂ 45 ಕಿಲೋ. ಅಂಚಿನ ರಿಂಗು ಕಿತ್ತು ಬರೋದು ಹೀಗೆ. ಟಾರ್ಪಾಲಿನ ನೆತ್ತಿಗೆ, ಅಂದರೆ ನಡುವಿನ ಎತ್ತರದ ಗೆರೆಗೆ, 6 ಮಿ.ಮೀ. ದಪ್ಪದ ಪಾಲಿಯೆಸ್ಟರ್ ಹಗ್ಗ 50 ಅಡಿ ತಗೊಳ್ಳಿ. ಎರಡು ಮರದ ನಡುವೆ ಮೊದಲು ಹಗ್ಗ ಬಿಗಿಯಿರಿ, ಟಾರ್ಪಾಲನ್ನು ಅದರ ಮೇಲೆ ಹೊದಿಸಿ. ಬರೀ ರಿಂಗುಗಳ ಮೇಲೆ ಭಾರ ಬಿಡಬೇಡಿ.

ನೆತ್ತಿ 7 ಅಡಿ, ಸೂರು 4 ಅಡಿ. ಮಗ್ಗುಲಿಗೆ ಆರಡಿ ಟಾರ್ಪಾಲು, ಅದರಲ್ಲಿ ಮೂರಡಿ ಇಳಿತ. 30 ಡಿಗ್ರಿ ಆಯ್ತು. ಇದಕ್ಕಿಂತ ಚಪ್ಪಟೆ ಮಾಡಿದರೆ ನೀರು ನಿಂತೇ ನಿಲ್ಲುತ್ತೆ. ಗಾಳಿಮಳೆ ಹೆಚ್ಚಾಗಿ ನೈಋತ್ಯದಿಂದ. ಆ ಕಡೆಯ ಸೂರನ್ನು ಎರಡಡಿಗೆ ಇಳಿಸಿ. ಮೂಲೆಯ ರಿಂಗು ನಂಬಬೇಡಿ: ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಮೂಲೆಯಲ್ಲಿಟ್ಟು, ಪ್ಲಾಸ್ಟಿಕ್ಕನ್ನು ಅದರ ಸುತ್ತ ಮುದುರಿ, ಕತ್ತು ಬಿಗಿದು ಕಟ್ಟಿ. ಹಗ್ಗಕ್ಕೂ ಗೂಟಕ್ಕೂ ನಡುವೆ ಹಳೆ ಸೈಕಲ್ ಟ್ಯೂಬಿನ ತುಂಡು ಹಾಕಿದರೆ ಗಾಳಿಯ ಜಗ್ಗಾಟವನ್ನು ಅದು ತಿನ್ನುತ್ತೆ.

ಇನ್ನೊಂದು, ಇದನ್ನು ಬಹಳ ಜನ ಮರೀತಾರೆ. ಮರದ ಕಾಂಡದ ಮೇಲಿನ ನೀರು ನೆತ್ತಿಯ ಹಗ್ಗ ಹಿಡಿದು ನಡೆದು ಒಳಗೆ ಬರುತ್ತೆ. ಟಾರ್ಪಾಲಿನ ಅಂಚಿಗೆ ಗೇಣು ಹೊರಗೆ ಹಗ್ಗಕ್ಕೊಂದು ಬಟ್ಟೆಚೂರು ಕಟ್ಟಿ ಜೋಲಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತೆ.

ಮತ್ತೆ, ಒಂದು ಟಾರ್ಪಾಲು ಸಾಲದು. ಇದು ಡೇರೆಗಳ ಮೇಲಿರಲಿ. ಅಡುಗೆಗೆ, ಕೂರೋದಕ್ಕೆ 10×12 ಅಡಿಯದು ಇನ್ನೊಂದು ತನ್ನಿ.

ಪೋರ್ಟ್‌ಲ್ಯಾಂಡ್‌ನಿಂದ

ಬೆಂಕಿಯ ಬಗ್ಗೆ. ನೆಲದ ಮೇಲೆ ಬಿದ್ದಿರುವ ಕಟ್ಟಿಗೆ ಸ್ಪಂಜಿನಂತೆ ನೀರು ಕುಡಿದಿರುತ್ತೆ, ಮುಟ್ಟಬೇಡಿ. ನಿಂತೇ ಒಣಗಿದ ಸಣ್ಣ ಸೀಡರ್ ಮರ ಹುಡುಕಿ. ಕಡಿಯಲು ಅನುಮತಿ ಇದೆಯಾ ಅಂತ ರೇಂಜರ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಹೊರಗಿನ ಬೆರಳುದಪ್ಪ ಮಾತ್ರ ಒದ್ದೆ. ಸೀಳಿದರೆ ಒಳತಿರುಳು ಒಣಗಿರುತ್ತೆ. ಆ ತಿರುಳನ್ನು ಬೆಂಕಿಕಡ್ಡಿ ದಪ್ಪದ್ದು ಒಂದು ಹಿಡಿ, ಪೆನ್ಸಿಲ್ ದಪ್ಪದ್ದು ಎರಡು ಹಿಡಿ, ಹೆಬ್ಬೆರಳು ದಪ್ಪದ್ದು ಒಂದು ತೋಳ್ತೆಕ್ಕೆ ಸೀಳಿ, ಟಾರ್ಪಾಲಿನ ಕೆಳಗೆ ಜೋಡಿಸಿಟ್ಟ ಮೇಲೇ ಕಡ್ಡಿ ಗೀರಿ. ಆತುರಕ್ಕೆ ಮೂರು ಪುಳ್ಳೆ ಹಚ್ಚಿ ಊದುತ್ತಾ ಕೂತರೆ ಕಡ್ಡಿಪೆಟ್ಟಿಗೆ ಖಾಲಿಯಾಗುತ್ತೆ, ಅಷ್ಟೇ. ಹತ್ತಿ ಉಂಡೆಗೆ ವ್ಯಾಸಲೀನ್ ಮೆತ್ತಿ ಡಬ್ಬಿಯಲ್ಲಿ ಹತ್ತಿಪ್ಪತ್ತು ತನ್ನಿ, ಒಂದೊಂದೂ ಕೆಲವು ನಿಮಿಷ ಉರಿಯುತ್ತೆ. ಒದ್ದೆ ನೆಲ ಬೆಂಕಿಯನ್ನು ನುಂಗದಂತೆ ಕೆಳಗೆ ಮಣಿಕಟ್ಟು ದಪ್ಪದ ನಾಲ್ಕೈದು ತುಂಡು ಹಾಸಿ. ಸೀಡರ್ ಬೇಗ ಹತ್ತಿ ಬೇಗ ಮುಗಿಯುತ್ತೆ. ಆಮೇಲೆ ಡಗ್ಲಸ್ ಫರ್ ಅಥವಾ ಆಲ್ಡರ್ ಹಾಕಿ.

ಬೆಂಕಿ ಟಾರ್ಪಾಲಿನ ಅಂಚಿನಿಂದ ಐದಾರು ಅಡಿ ಹೊರಗಿರಲಿ. ಕಿಡಿ ಬಿದ್ದರೆ ಪ್ಲಾಸ್ಟಿಕ್ ತೂತಾಗುತ್ತೆ, ಅದಕ್ಕೆ ಅಗಲದ ಡಕ್ಟ್ ಟೇಪ್ ಒಂದು ಸುರುಳಿ ತನ್ನಿ. ಒದ್ದೆ ಪ್ಲಾಸ್ಟಿಕ್ಕಿಗೆ ಟೇಪು ಹಿಡಿಯೋದಿಲ್ಲ, ಒರೆಸಿ ಎರಡೂ ಕಡೆ ಅಂಟಿಸಿ.

ಗ್ಯಾಸ್ ಡಬ್ಬಿಯ ಮೇಲೆ ಏನು ಬರೆದಿದೆ ನೋಡಿ. ಬ್ಯೂಟೇನ್ ಕುದಿಯೋದು ಸೊನ್ನೆಯ ಆಸುಪಾಸಿನಲ್ಲಿ, ಹಾಗಾಗಿ ಚಳಿಯ ಬೆಳಿಗ್ಗೆ ಉರಿ ಸಾಯುತ್ತೆ. ಪ್ರೊಪೇನ್‌ಗೆ ಆ ಕಾಟ ಇಲ್ಲ.

ಬೆಲ್‌ವ್ಯೂ (ಕೇಳಿದವರು)

ಮಲಗುವಾಗ ಡೇರೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಡಬಹುದಾ?

ಪೋರ್ಟ್‌ಲ್ಯಾಂಡ್‌ನಿಂದ

ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಮುಗಿಸುತ್ತೆ. ಗ್ಯಾಸ್ ಒಲೆಯೂ ಒಳಗೆ ಬೇಡ. ಒಂದು ಲೀಟರ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಎರಡು ಸಲ ನೋಡಿ, ಕಾಲುಚೀಲಕ್ಕೆ ತೂರಿಸಿ ತೊಡೆಸಂದಿಯಲ್ಲಿ ಇಟ್ಟುಕೊಳ್ಳಿ. ಬೆಳಗಿನ ಜಾವದವರೆಗೂ ಬೆಚ್ಚಗಿರುತ್ತೆ.

ಸ್ಪೋಕೇನ್‌ನಿಂದ (ಧಾರವಾಡ ಕಡೆಯವರು)

ತಾಡಪತ್ರಿ ಮಾತು ಆತು, ಮೈಮ್ಯಾಲಿನ ಮಾತು ಹೇಳ್ತೀನ್ರಿ. ಹತ್ತಿ ಬಟ್ಟಿ ಒಯ್ಯಬ್ಯಾಡ್ರಿ, ಜೀನ್ಸ್ ಅಂತೂ ಮನ್ಯಾಗ ಬಿಡ್ರಿ. ಕುರುಬರ ಕಂಬಳಿ ಮಳ್ಯಾಗ ಯಾಕ ನಡೀತದ ಅಂದ್ರ, ಉಣ್ಣಿ ತನ್ನ ತೂಕದ ಮೂರರಾಗ ಒಂದು ಪಾಲಿನಷ್ಟು ತೇವ ಹೀರಿದ್ರೂ ಹಸಿ ಅನಸೂದಿಲ್ಲ. ಪುಕ್ಕದ ಸ್ಲೀಪಿಂಗ್ ಬ್ಯಾಗ್ ಒದ್ದಿ ಆದ್ರ ಹಪ್ಪಳ ಆಗ್ತದ, ಸಿಂಥೆಟಿಕ್ ತಗೋರಿ. ಅದರ ಬುಡಕ ಬೆರಳುದಪ್ಪ ಫೋಮ್ ಚಾಪಿ ಬೇಕ ಬೇಕು. ಮ್ಯಾಲೆ ಎಷ್ಟ ಹೊತ್ಕೊಂಡ್ರೂ ಕೆಳಗಿನ ನೆಲ ಬಿಸಿ ಎಳೀತದ. ನೆಲಕ್ಕ ಹಾಸೂ ಪ್ಲಾಸ್ಟಿಕ್ ಡೇರೆಕ್ಕಿಂತ ನಾಲ್ಕು ಬೆರಳು ಸಣ್ಣದಿರಲಿ. ಹೊರಗ ಚಾಚಿದ್ರ ಮಳಿನೀರು ಹಿಡಿದು ನಿಮ್ಮ ಬುಡಕ್ಕ ತರ್ತದ.

ಮಲಗೂ ಬಟ್ಟಿ ಜೋಡಿ ಬ್ಯಾರೆ, ಅದನ್ನ ಹಾಕ್ಕೊಂಡು ಹೊರಗ ಕಾಲಿಡಬಾರದು. ಗುಡ್ಡ ಹತ್ತೂ ಮದಲ ಒಂದು ಪದರ ತಗೀರಿ. ರೇನ್‌ಕೋಟ್ ಒಳಗ ಬೆವತ್ರ ಮಳ್ಯಾಗ ನೆಂದಂಗ ಲೆಕ್ಕ. ಹಸಿ ಕಾಲುಚೀಲ ಹಿಂಡಿ ರಾತ್ರಿ ಹೊಟ್ಟಿಮ್ಯಾಲೆ ಇಟ್ಕೊಂಡ್ರ ಮುಂಜಾನಿಗೆ ಒಣಗ್ತಾವ.

ಟಕೋಮಾದಿಂದ

ಕಾಲುಚೀಲದ ವಿಷಯಕ್ಕೆ ನನ್ನ ಒಪ್ಪಿಗೆ ಅರ್ಧ. ಒಂದು ಜೊತೆ ಸರಿ. ಐದೂ ರಾತ್ರಿ ಅಂಗಿ, ಕೈಗವಸು ಎಲ್ಲ ಒಳಗಿಟ್ಟರೆ ಆ ತೇವ ಸ್ಲೀಪಿಂಗ್ ಬ್ಯಾಗಿನ ಒಳಪದರಕ್ಕೇ ಸೇರುತ್ತೆ, ನಾಲ್ಕನೇ ರಾತ್ರಿ ನಡುಗುತ್ತೀರಿ. ಆರು ಜೊತೆ ಒಯ್ಯೋದೇ ಸುಲಭ. ಯಾರಾದರೂ ನಡುಗೋದು ನಿಂತು ತೊದಲಲು, ಎಡವಲು ಶುರು ಮಾಡಿದರೆ ಸುಧಾರಿಸಿದ ಅಂದುಕೊಳ್ಳಬೇಡಿ. ಅದು ಕೆಟ್ಟ ಲಕ್ಷಣ. ಒದ್ದೆ ಬಟ್ಟೆ ತೆಗೆಸಿ, ಬ್ಯಾಗಿಗೆ ಸೇರಿಸಿ, ನುಂಗುವಷ್ಟು ಎಚ್ಚರ ಇದ್ದರೆ ಬಿಸಿ ಸಿಹಿ ಕುಡಿಸಿ, ಸಹಾಯಕ್ಕೆ ಕರೆ ಮಾಡಿ. ಮದ್ಯ ಖಂಡಿತ ಬೇಡ.

ಒಲಿಂಪಿಯಾದಿಂದ

ಎಲ್ಕ್ ಸಿಕ್ಕರೆ ಏನು ಮಾಡೋದು ಅಂತ ಯಾರೂ ಹೇಳಲಿಲ್ಲ. ದೊಡ್ಡ ಗಂಡಾದರೆ ನೂರು ಕಿಲೋ ಮೀರಿ ಮಾಂಸ. ಅದಕ್ಕೂ ಒಂದು ಸಣ್ಣ ಟಾರ್ಪಾಲು, ಮಲಗುವ ಜಾಗದಿಂದ ನೂರು ಗಜ ದೂರ, ಕರಡಿಯ ಕಾರಣಕ್ಕೆ. ಇಳಿಜಾರು ಕಡಿದಾಗಿರಲಿ, ನಾಲ್ಕೂ ಮಗ್ಗುಲು ತೆರೆದಿರಲಿ. ತೊಡೆಗಳನ್ನು ಬಟ್ಟೆಚೀಲದಲ್ಲಿ, ಒಂದಕ್ಕೊಂದು ತಾಗದಂತೆ ನೇತುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ಬಿಸಿ ಹೋಗದೆ ಮೂಳೆಯ ಸುತ್ತ ಹುಳಿ ಹಿಡಿಯುತ್ತೆ. ಚೀಲ ನೆಂದರೆ ಬದಲಾಯಿಸಿ.

ಬಂದೂಕನ್ನು ಗುಂಡು ತೆಗೆದು ಟಾರ್ಪಾಲಿನ ಕೆಳಗೇ, ತಂಪಲ್ಲೇ ಇಡಿ. ತಣ್ಣಗಿರುವ ಲೋಹವನ್ನು ಬೆಚ್ಚಗಿನ ಡೇರೆಗೆ ಒಯ್ದರೆ ಒಳಗೂ ಹೊರಗೂ ಬೆವರುತ್ತೆ, ಸ್ಕೋಪ್ (ಗುರಿ ನೋಡುವ ದುರ್ಬೀನು) ಮಂಜಾಗುತ್ತೆ. ನೀರು ಹೋಗದಂತೆ ನಳಿಗೆಯ ಬಾಯಿಗೆ ಒಂದೇ ಸುತ್ತು ಎಲೆಕ್ಟ್ರಿಕಲ್ ಟೇಪು ಸಾಕು. ಬೆಳಿಗ್ಗೆ ಹೊರಡುವ ಮುಂಚೆ ಟೇಪು, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಎರಡೂ ತೆಗೆದು, ಬೋಲ್ಟಿನ ಕಡೆಯಿಂದ ನಳಿಗೆಯೊಳಗೆ ಬೆಳಕು ಕಾಣುತ್ತಾ ನೋಡಿ, ಹೊಸ ಟೇಪು ಹಾಕಿ.