ಡ್ರೈಯರ್ ವೈರಿಗೆ ಯಾವ ಪ್ಲಗ್ ಹಾಕಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಳೆ ಹಿಡಿದು 20 ದಿನ ಆಯ್ತು. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಮಕ್ಕಳ ಯೂನಿಫಾರ್ಮ್ ಎಲ್ಲ ಹೊಗೆ ವಾಸನೆ. ಅದಕ್ಕೇ ಬೆಂಗಳೂರಿನ ತಂಗಿ ಮನೆಯಿಂದ ಹಳೇ ಡ್ರೈಯರ್ ತಂದೆವು. ಸಾಮಾನು ಸಾಗಿಸಿದವರು ಪ್ಲಗ್ ಕತ್ತರಿಸಿಬಿಟ್ಟಿದ್ದಾರೆ. ಈಗ ವೈರಿನ ತುದಿಯಲ್ಲಿ ಕಂದು, ನೀಲಿ, ಹಸಿರು-ಹಳದಿ ಮೂರು ಎಳೆ ಕಾಣುತ್ತವೆ. ಹಿಂದೆ 230 ವೋಲ್ಟ್, 2500 ವ್ಯಾಟ್ ಅಂತ ಬರೆದಿದೆ. ಪಕ್ಕದಲ್ಲೇ ಮೊಬೈಲ್ ಚಾರ್ಜಿಗೆ ಬಳಸುವ ಚಿಕ್ಕ ಸಾಕೆಟ್ ಇದೆ. ಚಿಕ್ಕ ಪ್ಲಗ್ ಹಾಕಿದರೆ ಆಗತ್ತಾ ಅಣ್ಣ?

ಉತ್ತರ (ಎಲೆಕ್ಟ್ರಿಷಿಯನ್): ಬೇಡ ಅಕ್ಕ. 2500ನ್ನು 230ರಿಂದ ಭಾಗಿಸಿ ನೋಡಿ, ಸುಮಾರು 11 ಆಂಪ್ ಬರುತ್ತದೆ. ನಿಮ್ಮ ಚಿಕ್ಕ ಸಾಕೆಟ್ 6 ಆಂಪಿನದು. ಡ್ರೈಯರ್ ಅಂದರೆ ಐದು ನಿಮಿಷ ತಿರುಗಿ ನಿಲ್ಲುವ ಮಿಕ್ಸಿ ಅಲ್ವಲ್ಲ, ಗಂಟೆಗಟ್ಟಲೆ ಹೀಟರ್ ಉರಿಯುತ್ತಿರುತ್ತದೆ, ಸಾಕೆಟ್ ಒಳಗೆ ಕರಗಿ ಕಪ್ಪಾಗಿ ವಾಸನೆ ಬಂದ ಮೇಲೇ ನಿಮಗೆ ಗೊತ್ತಾಗುವುದು. ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಹಾಕುವ ಕನ್ವರ್ಟರ್ ಕೂಡ ಬೇಡ, ಎಕ್ಸ್‌ಟೆನ್ಶನ್ ಬಾಕ್ಸೂ ಬೇಡ.

16 ಆಂಪಿನ ಮೂರು ಪಿನ್ ಪ್ಲಗ್ ತನ್ನಿ. ಮೀಟರ್ ಬೋರ್ಡಿನಿಂದ ಡ್ರೈಯರಿಗೆ ಅಂತಲೇ ಒಂದು ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ವೈರ್, ಅದಕ್ಕೆ 16 ಆಂಪ್ ಎಂಸಿಬಿ, ಅಂದರೆ ಕರೆಂಟ್ ಜಾಸ್ತಿ ಎಳೆದರೆ ತಾನೇ ಆಫ್ ಆಗುವ ಸ್ವಿಚ್.

ಪ್ಲಗ್ ಒಳಗೆ ಎಲ್ (ಕರೆಂಟ್ ಬರುವ ಫೇಸ್), ಎನ್ (ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್), ಇ (ನೆಲಕ್ಕೆ ಹೋಗುವ ಅರ್ತ್) ಅಂತ ಗುರುತು ಇರುತ್ತದೆ. ಕಂದು ಎಲ್‌ಗೆ, ನೀಲಿ ಎನ್‌ಗೆ, ಹಸಿರು-ಹಳದಿ ಇ ಗೆ, ಅಂದರೆ ದಪ್ಪ ಪಿನ್ನಿಗೆ. ಅರ್ತ್ ಎಳೆಯನ್ನು ಮಿಕ್ಕೆರಡಕ್ಕಿಂತ ಒಂದಿಷ್ಟು ಉದ್ದ ಬಿಡಿ, ಯಾರಾದರೂ ವೈರ್ ಜಗ್ಗಿದರೆ ಅದು ಕೊನೆಗೆ ಕಿತ್ತು ಬರಬೇಕು. ಸಿಪ್ಪೆ ಸುಲಿಯುವಾಗ ಒಳಗಿನ ತಾಮ್ರದ ನೂಲು ತುಂಡಾದರೆ ಅಷ್ಟು ಕತ್ತರಿಸಿ ಬಿಸಾಕಿ ಮತ್ತೆ ಸುಲಿಯಿರಿ. ಚೆನ್ನಾಗಿ ತಿರುಚಿ ಸ್ಕ್ರೂ ಬಿಗಿಯಾಗಿ ತಿರುಗಿಸಿ. ನಾನು ನೋಡಿದ ಸುಟ್ಟ ಪ್ಲಗ್‌ಗಳಲ್ಲಿ ಜಾಸ್ತಿ ಲೂಸ್ ಸ್ಕ್ರೂದೇ ಕೆಲಸ. ಪ್ಲಗ್ಗಿಗೆ ವೈರ್ ಒಳಹೋಗುವ ಬಾಯಿಯ ಹತ್ತಿರದ ಕ್ಲಿಪ್ ಹೊರಗಿನ ದಪ್ಪ ಸಿಪ್ಪೆಯನ್ನೇ ಹಿಡಿಯಬೇಕು, ಒಳಗಿನ ಎಳೆಗಳನ್ನಲ್ಲ.

ಇನ್ನೊಂದು ಮಾತು. ಸಾಕೆಟ್ ಬಿಚ್ಚಿ ನೀಲಿಗೆ ನೀಲಿ ಸೇರಿಸಲು ಹೋಗಬೇಡಿ. ಹಳೇ ಮೂರು ಫೇಸ್ ಮನೆಗಳಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಡ್ರೈಯರ್ ವೈರಿನ ನೀಲಿ ನ್ಯೂಟ್ರಲ್. ಬಣ್ಣ ನೋಡಿ ಮೋಸ ಹೋಗುವುದು ಇಲ್ಲೇ.

ಮತ್ತೊಬ್ಬರು: ನಮ್ಮನೇಲಿ ಹಸಿರು ವೈರ್ ಮಡಚಿ ಟೇಪ್ ಸುತ್ತಿ ಬಿಟ್ಟಿದ್ದಾರೆ. ಎರಡು ವರ್ಷದಿಂದ ಏನೂ ಆಗಿಲ್ಲ ಮಾರಾಯ್ರೆ.

ಉತ್ತರ: ಹೀಟರ್ ಕೆಡುವ ತನಕ ಆಗುವುದಿಲ್ಲ ಮಾರಾಯ್ರೆ. ಕೆಟ್ಟ ದಿನ ಕರೆಂಟ್ ಡ್ರೈಯರಿನ ಕಬ್ಬಿಣದ ಮೈಗೆ ಬರುತ್ತದೆ. ಬಚ್ಚಲ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ತೆಗೆಯುವವರು ಮನೆಯ ಹೆಂಗಸರೇ ಅಲ್ವಾ. ಅರ್ತ್ ಕೊಡಿಸಿ, ಜೊತೆಗೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್, 30 ಮಿಲಿ ಆಂಪಿನ ಆರ್‌ಸಿಸಿಬಿಯೂ ಇರಲಿ.

ಪ್ರಶ್ನೆ: ಅಣ್ಣ, ಮೇನ್ ಆಫ್ ಮಾಡಿ ಯಜಮಾನರು ಆ ಚಿಕ್ಕ ಸಾಕೆಟ್ ಬಿಚ್ಚಿ ನೋಡಿದರು. ಹಿಂದೆ ಎರಡೇ ವೈರ್ ಇದೆ, ಮೂರನೇದು ಇಲ್ಲವೇ ಇಲ್ಲ. ಮತ್ತೆ ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಓಡತ್ತಾ?

ಉತ್ತರ: ಮನೆಗೆ ಹಾಕುವ ಸಾಮಾನ್ಯ ಇನ್ವರ್ಟರಿನಲ್ಲಿ ಓಡುವುದಿಲ್ಲ, ಆ ಲೈನಿಗೆ ಸೇರಿಸಲೂ ಬೇಡಿ. ಹೊಸ ಲೈನ್ ಎಳೆಯುವಾಗಲೇ ಅರ್ತ್ ವೈರ್ ಬರಬೇಕು. ಅರ್ತ್ ವೈರ್ ನೆಲಕ್ಕೆ ಸೇರುವ ಅರ್ತ್ ಗುಂಡಿ ಇದೆಯಾ, ಇದ್ದರೆ ಸರಿ ಇದೆಯಾ ಅಂತ ಅಳೆಸಿ. ಈಗ ಮಳೆಗೆ ನೆಲ ನೆನೆದು ಎಲ್ಲ ಚೆನ್ನಾಗೇ ತೋರಿಸುತ್ತದೆ, ಏಪ್ರಿಲ್‌ನಲ್ಲಿ ಇನ್ನೊಂದು ಸಲ ನೋಡಿಸಿ. ಸಾಕೆಟ್ಟನ್ನು ನೀರು ಸಿಡಿಯದ ಗೋಡೆಗೆ ಹಾಕಿಸಿ. ಅಲ್ಲಿಯ ತನಕ ವೈರ್ ಸುತ್ತಿ ಡ್ರೈಯರ್ ಮೇಲೇ ಇಡಿ. ಯೂನಿಫಾರ್ಮ್ ಇನ್ನೊಂದು ವಾರ ಹೊಗೆ ವಾಸನೆ ಬರಲಿ ಬಿಡಿ.